ನಕ್ಷತ್ರಗಳಿಲ್ಲದ ಆಕಾಶ

ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟ, ಇವೆಲ್ಲಕ್ಕೂ ಇಂತಿಷ್ಟು ಅಂತ ಜಾಗ ಇರುತ್ತದೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆಯೋ, ಮರದಲ್ಲಿ ಕೊರೆದ 14 ಗುಳಿಯೋ, ಆಟ ಅದರೊಳಗೇ ನಡೆದು ಅದರೊಳಗೇ ಮುಗಿಯಬೇಕು. ಕಾಯಿ ಹಣ್ಣಾದರೆ ಗೆದ್ದಿರಿ, ಇಲ್ಲವಾದರೆ ಸೋತಿರಿ, ಊಟಕ್ಕೆ ಏಳಿ. ಆದರೆ ಮಣೆಯೇ ಇಲ್ಲದ, ಗೆಲುವು ಸೋಲು ಇಂಥದ್ದೇ ಎಂದು ಹೇಳಲಾಗದ, ವರ್ಷಗಟ್ಟಲೆ ಮುಗಿಯದ ಆಟವೊಂದಿದೆ. ಅದಕ್ಕೆ ಬೇಕಾದದ್ದು ಒಂದು ಮೇಜು, ನಾಲ್ಕೈದು ಜನ, ಪೆನ್ಸಿಲ್ಲು, ಕಾಗದ, ಚಿತ್ರವಿಚಿತ್ರ ಆಕಾರದ ಒಂದಿಷ್ಟು ದಾಳ. ಅದರ ಜೊತೆಗೆ ಒಂದು ಲೋಕ.

ಲೋಕ ಎಂದದ್ದು ಅಲಂಕಾರಕ್ಕಲ್ಲ. ಆಡುವವರಲ್ಲಿ ಒಬ್ಬ ಸೂತ್ರಧಾರ. ‘ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ, ಸೇತುವೆ ಕೊಚ್ಚಿಕೊಂಡು ಹೋಗಿದೆ, ಹಿಂದಿನಿಂದ ಕುದುರೆಯ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬ ಸೈನಿಕ, ಒಬ್ಬಳು ಮಂತ್ರವಾದಿನಿ, ಇನ್ನೊಬ್ಬ ಬರೀ ಕಳ್ಳ. ಈಜುತ್ತೇನೆ ಎಂದರೆ ದಾಳ ಉರುಳಿಸಬೇಕು. 20 ಮುಖದ ದಾಳದಲ್ಲಿ 3 ಬಿದ್ದರೆ ದೇವರೇ ಗತಿ. ಇಂಗ್ಲಿಷಿನಲ್ಲಿ ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾಟಕದಂತೆ ಪಾತ್ರವುಂಟು, ಆದರೆ ಮಾತು ಬರೆದುಕೊಟ್ಟಿರುವುದಿಲ್ಲ. ತಾಳಮದ್ದಲೆಯ ಅರ್ಥಧಾರಿಗಳನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ನಮ್ಮ ಮನೆಯ ಮಹಡಿಯ ಮೇಲೆ ಭಾನುವಾರ ಮಧ್ಯಾಹ್ನ ಈ ಆಟ ನಡೆಯುತ್ತದೆ. ಮಗಳು ಮತ್ತು ಅವಳ ನಾಲ್ವರು ಸ್ನೇಹಿತರು. ಲಾಕ್‌ಡೌನ್ ಕಾಲದಲ್ಲಿ ಫೋನಿನಲ್ಲಿ ಶುರುವಾಗಿ ಆಮೇಲೆ ನಮ್ಮ ಮಹಡಿಗೆ ವರ್ಗವಾಯಿತು. ಹೀಗಾಗಿ ಆ ಮಕ್ಕಳ ತಂದೆತಾಯಂದಿರು ಸಿಕ್ಕಾಗಲೆಲ್ಲ ನನ್ನನ್ನು ವಿಚಾರಿಸುತ್ತಾರೆ. ‘ಅದೇನು ಸಾರ್ ಅದು, ಜೂಜಾ?’ ಎಂದವರಿದ್ದಾರೆ. ‘ಮೂರು ತಾಸು ಮಾತಾಡ್ತಾನೇ ಇರ್ತಾರಂತಲ್ಲ, ಏನ್ ಮಾತಾಡ್ತಾರೆ?’ ಎಂದು ಕೇಳಿದ ತಾಯಿಯೊಬ್ಬರಿಗೆ, ಹೋದ ವಾರ ಉಪ್ಪಿನ ಮೇಲಿನ ತೆರಿಗೆಯ ವಿಷಯ ಮಾತಾಡಿದರು ಎಂದು ನಿಜವನ್ನೇ ಹೇಳಿದೆ. ಅವರು ನಂಬಲಿಲ್ಲ.

ಈ ಆಟಕ್ಕೂ ಅಪ್ಪ-ಮಕ್ಕಳಿಗೂ ಹುಟ್ಟಿನಿಂದಲೇ ನಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್ ಎಂಬಾತ 1972ರಲ್ಲಿ ಗ್ರೇಹಾಕ್ ಎಂಬ ಪಾಳುಕೋಟೆಯೊಂದನ್ನು ಕಾಗದದ ಮೇಲೆ ಗೀಚಿ, ಅದರ ನೆಲಮಾಳಿಗೆಗೆ ಮೊದಲು ಇಳಿಸಿದ್ದು ತನ್ನ ಮಗ ಮತ್ತು ಮಗಳನ್ನೇ. ಪಕ್ಕದ ಮಿನೆಸೋಟದಲ್ಲಿ ಡೇವ್ ಆರ್ನೆಸನ್ ಎಂಬಾತ ಬ್ಲ್ಯಾಕ್‌ಮೂರ್ ಎಂಬ ಇನ್ನೊಂದು ನಾಡನ್ನು ಅದಾಗಲೇ ಆಡಿಸುತ್ತಿದ್ದ. ಇಬ್ಬರೂ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅಚ್ಚು ಹಾಕಿಸಿದರು. ಮೊದಲ ಮುದ್ರಣ 1000 ಪ್ರತಿ. ಆ ಪೆಟ್ಟಿಗೆಯಲ್ಲಿ ನಿಯಮಗಳಿದ್ದವು, ಲೋಕವಿರಲಿಲ್ಲ. ಲೋಕವನ್ನು ನೀವೇ ಕಟ್ಟಿಕೊಳ್ಳಿ ಎಂಬುದು ಅವರ ಮಾತು. ಕಟ್ಟಿಕೊಳ್ಳಲು ಪುರಸೊತ್ತಿಲ್ಲದವರೇ ಹೆಚ್ಚು ಎಂದು ಗೊತ್ತಾದ ಮೇಲೆ ಕಟ್ಟಿದ ಲೋಕಗಳೇ ಮಾರಾಟಕ್ಕೆ ಬಂದವು. ಗೈಗ್ಯಾಕ್ಸನ ಗ್ರೇಹಾಕ್ ಪುಸ್ತಕವಾಗಿ ಬಂದದ್ದು 1980ರಲ್ಲಿ.

ನಾನು ಇದಕ್ಕೆ ಅಂಟಿಕೊಂಡದ್ದು 1993ರಲ್ಲಿ, ಎಂ.ಎಸ್. ಓದಲು ಅಮೆರಿಕದ ನಡುಭಾಗದ, ಹಿಮ ಸುರಿಯುವ ಊರೊಂದಕ್ಕೆ ಹೋದಾಗ. ಊರಿನಿಂದ ತಂದ ಉಪ್ಪಿನಕಾಯಿ ಮುಗಿಯುವುದರೊಳಗೆ ಚಳಿಗಾಲ ಬಂತು. ಹೊರಗೆ ಹೋಗುವಂತಿಲ್ಲ. ಒಂದೇ ಮನೆಯಲ್ಲಿದ್ದ ಇಬ್ಬರು ಅಮೆರಿಕನ್ನರು ಒಂದು ಶನಿವಾರ ‘ಕೂತುಕೋ, ನಮಗೆ ಒಬ್ಬ ಕಡಿಮೆ’ ಎಂದರು. ಇಸ್ಪೀಟು ಇರಬೇಕೆಂದುಕೊಂಡು ಕೂತೆ.

ಆ ಮೂರು ವರ್ಷದಲ್ಲಿ ಹಲವು ಲೋಕ ಸುತ್ತಿದೆ. ಎಲ್ಲರಿಗೂ ಗೊತ್ತಿರುವುದು ‘ಫರ್ಗಾಟನ್ ರೆಲ್ಮ್ಸ್’. ಕೆನಡಾದ ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗ, ಈ ಆಟ ಹುಟ್ಟುವುದಕ್ಕೂ ಮುಂಚೆ, ತನ್ನ ಸಂತೋಷಕ್ಕೆಂದು ಬರೆಯತೊಡಗಿದ ಕಥೆಗಳ ನಾಡು ಅದು. ಬೆಳೆದ ಮೇಲೆ ಆತ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಲೇ ಅದನ್ನು ಬೆಳೆಸಿದ. 1987ರಲ್ಲಿ ಅದು ಪೆಟ್ಟಿಗೆಯಾಗಿ ಅಂಗಡಿಗೆ ಬಂತು. 2023ರಲ್ಲಿ ಹುಡುಗರು ಕಂಪ್ಯೂಟರಿನ ಮುಂದೆ ಹಗಲು ರಾತ್ರಿ ಕೂತ ‘ಬಾಲ್ಡರ್ಸ್ ಗೇಟ್ 3’ ನಡೆಯುವುದೂ ಇದೇ ನಾಡಿನಲ್ಲಿ. ನನಗೆ ಮಾತ್ರ ಅದು ಜಾತ್ರೆಯ ಹಾಗೆ ಕಾಣುತ್ತದೆ. ಎಲ್ಲವೂ ಸಿಗುತ್ತದೆ, ಯಾವುದಕ್ಕೂ ಕೊರತೆಯಿಲ್ಲ. ಹೆಜ್ಜೆಗೊಂದು ಛತ್ರ, ಊರಿಗೊಬ್ಬ ಮಹಾಮಾಂತ್ರಿಕ. ಎರಡು ದಿನ ಚೆನ್ನಾಗಿರುತ್ತದೆ.

ಅದಕ್ಕೆ ತದ್ವಿರುದ್ಧ 1991ರ ‘ಡಾರ್ಕ್ ಸನ್’. ಅಥಾಸ್ ಎಂಬ ಒಣಗಿದ ಲೋಕ. ಅಲ್ಲಿ ಮಂತ್ರ ಹಾಕಿದರೆ ಸುತ್ತಲಿನ ಗಿಡಮರ ಸಾಯುತ್ತವೆ. ಸಾವಿರಾರು ವರ್ಷ ಮಂತ್ರ ಹಾಕಿ ಹಾಕಿ ಇಡೀ ನಾಡು ಮರಳುಗಾಡು. ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಕತ್ತಿ ಮೂಳೆಯದು, ನಾಣ್ಯ ಸುಟ್ಟ ಮಣ್ಣಿನದು. ರಾಕ್ಷಸನನ್ನು ಕೊಂದು ನಿಧಿ ತರುವುದಲ್ಲ, ನಾಳೆಗೆ ನೀರು ಎಲ್ಲಿಂದ ತರುವುದು ಎಂಬುದೇ ಅಲ್ಲಿ ಸಾಹಸ. ನಾನು ಹುಟ್ಟಿದ್ದು ಚಳ್ಳಕೆರೆಯ ಕಡೆ. ಕೊಡ ಇಟ್ಟುಕೊಂಡು ಸರದಿ ನಿಂತು ಬೆಳೆದವನು. ನೀರಿನ ಲೆಕ್ಕದಲ್ಲಿ ಆ ಅಮೆರಿಕನ್ ಹುಡುಗರು ತಪ್ಪುವಾಗಲೆಲ್ಲ ನಾನು ತಪ್ಪುತ್ತಿರಲಿಲ್ಲ. ಮೇಜಿನ ಸುತ್ತ ನನಗೊಂದು ಗೌರವ ಬಂದದ್ದೇ ಅಥಾಸಿನಲ್ಲಿ.

ಗ್ರೆಗ್ ಸ್ಟಾಫರ್ಡನ ‘ಗ್ಲೊರಾಂಥಾ’ ಇನ್ನೂ ಮಜವಾದದ್ದು. 1975ರಲ್ಲಿ ಯುದ್ಧದ ಮಣೆಯಾಟವೊಂದರ ಮೂಲಕ ಹೊರಬಂದ ಈ ಲೋಕದ ಮೇಲೆ 1978ರಲ್ಲಿ ‘ರೂನ್‌ಕ್ವೆಸ್ಟ್’ ಎಂಬ ಆಟ ಬಂತು. ಅಲ್ಲಿ ಭೂಮಿ ಚಪ್ಪಟೆ, ಸುತ್ತ ಕಡಲು. ಸೂರ್ಯ ನಿಜವಾಗಿಯೂ ಸಂಜೆ ಪಾತಾಳಕ್ಕಿಳಿದು ಬೆಳಿಗ್ಗೆ ಮೇಲೆ ಬರುತ್ತಾನೆ. ಪುರಾಣವೇ ಅಲ್ಲಿ ಭೌತಶಾಸ್ತ್ರ. ಮಳೆ ಬರದಿದ್ದರೆ, ಹಿಂದೊಮ್ಮೆ ದೇವರು ಮಳೆ ತಂದ ಕಥೆಯನ್ನು ಊರಿನವರು ಅಭಿನಯಿಸುತ್ತ ಆ ಕಥೆಯ ಒಳಗೇ ನಡೆದು ಹೋಗಬಹುದು. ಅಲ್ಲಿ ಎಡವಿದರೆ ಇಲ್ಲಿ ಊರು ಹಾಳು. ನನ್ನ ಜೊತೆಯವರಿಗೆ ಇದನ್ನು ವಿವರಿಸಲು ಸೂತ್ರಧಾರನಿಗೆ ಒಂದು ಸಂಜೆ ಹಿಡಿಯಿತು. ವೇಷ ಕಟ್ಟಿದವನು ದೇವರೇ ಆಗುವುದನ್ನು ಕಂಡ ನಮ್ಮ ಕಡೆಯವರಿಗೆ ಐದು ನಿಮಿಷ ಸಾಕು. ಕತ್ತಿ ಹಿಡಿದು ಮಾತಾಡುವ ಬಾತುಕೋಳಿಗಳೂ ಅಲ್ಲಿವೆ. ಅವು ಯಾಕಿವೆ ಎಂದು ನನಗೆ ಇಂದಿಗೂ ಬಗೆಹರಿದಿಲ್ಲ.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಟೆಕುಮೆಲ್.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದ ಮರುವರ್ಷವೇ, 1975ರಲ್ಲಿ, ಅದೇ ಕಂಪನಿ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಬರೆದವರು ಎಂ.ಎ.ಆರ್. ಬಾರ್ಕರ್, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಮತ್ತು ದಕ್ಷಿಣ ಏಷ್ಯಾದ ವಿಷಯಗಳನ್ನು ಕಲಿಸುತ್ತಿದ್ದ ಪ್ರಾಧ್ಯಾಪಕ. ಹುಟ್ಟಿನಿಂದ ಅಮೆರಿಕನ್. ಇಸ್ಲಾಂ ಸ್ವೀಕರಿಸಿ ಮುಹಮ್ಮದ್ ಅಬ್ದುಲ್ ರಹಮಾನ್ ಆದವರು. ಅಮೆರಿಕದ ಮೂಲನಿವಾಸಿಗಳ ಕ್ಲಾಮತ್ ಭಾಷೆಗೆ ವ್ಯಾಕರಣ ಬರೆದವರು, ಉರ್ದು ಮತ್ತು ಬಲೂಚಿ ಕಲಿಯುವವರಿಗೆ ಪಠ್ಯ ಬರೆದವರು. ಬಾಲ್ಯದಿಂದ ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಲೋಕ ಅದು. ಉಳಿದ ಲೋಕಗಳೆಲ್ಲ ಇಂಗ್ಲೆಂಡಿನ ಮಧ್ಯಯುಗದ ಕೋಟೆಗೆ ಬೇರೆ ಬಣ್ಣ ಬಳಿದ ಹಾಗಿದ್ದರೆ, ಟೆಕುಮೆಲ್‌ನಲ್ಲಿ ಮಾಯಾ ನಾಗರಿಕತೆ, ಈಜಿಪ್ಟು, ಭಾರತ ಎಲ್ಲವೂ ಹದವಾಗಿ ಬೆರೆತಿದ್ದವು.

ಅದರ ಹಿನ್ನೆಲೆ ಕೇಳಿ. ಬಹು ದೂರದ ಭವಿಷ್ಯದಲ್ಲಿ ಮನುಷ್ಯರು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಿ ನೆಲೆಸಿದ ಗ್ರಹ ಅದು. ಒಂದು ದಿನ ಅದರ ಸೂರ್ಯ, ಚಂದ್ರ, ನೆರೆಯ ಗ್ರಹಗಳ ಸಮೇತ ಇಡೀ ಸೌರಮಂಡಲವೇ ವಿಶ್ವದಿಂದ ಕಳಚಿ ಬೇರೆಲ್ಲೋ ಬೀಳುತ್ತದೆ. ರಾತ್ರಿಯ ಆಕಾಶದಲ್ಲಿ ಎರಡು ಚಂದ್ರರಿದ್ದಾರೆ, ಕೆಲವು ಗ್ರಹಗಳಿವೆ, ನಕ್ಷತ್ರ ಒಂದೂ ಇಲ್ಲ. ಕಬ್ಬಿಣ ಅಪರೂಪ. ಚ್ಲೆನ್ ಎಂಬ ಮಂದಪ್ರಾಣಿಯ ಚರ್ಮ ಸುಲಿದು ಹದಮಾಡಿ ಕತ್ತಿ-ಕವಚ ಮಾಡಬೇಕು. ಸಾವಿರಾರು ವರ್ಷ ಕಳೆದು, ತಾವು ಎಲ್ಲಿಂದ ಬಂದೆವೆಂಬುದನ್ನೇ ಜನ ಮರೆತಿದ್ದಾರೆ. ಊರಿಂದೂರಿಗೆ ಸಾಕ್ಬೆ ಎಂಬ ಗೋಡೆಯಷ್ಟೆತ್ತರದ ರಸ್ತೆ. ಅದಕ್ಕೆ ಮೂರು ಹಂತ, ಮೇಲಿನದು ಗಣ್ಯರಿಗೆ, ಕೆಳಗಿನದು ಸಾಮಾನ್ಯರಿಗೆ. ಕೆಲವು ಶತಮಾನಗಳಿಗೊಮ್ಮೆ ಇಡೀ ನಗರವನ್ನು ಮುಚ್ಚಿ ಅದರ ಮೇಲೆ ಹೊಸ ನಗರ ಕಟ್ಟುವ ಪದ್ಧತಿ. ಹೀಗಾಗಿ ಪ್ರತಿ ಊರಿನ ಕೆಳಗೂ ಹಳೆಯ ಊರುಗಳಿವೆ. ಬೇರೆ ಆಟಗಳಲ್ಲಿ ನೆಲಮಾಳಿಗೆ ಯಾಕಿದೆ ಎಂದರೆ ಉತ್ತರವಿಲ್ಲ, ಇಲ್ಲಿ ಉತ್ತರವಿತ್ತು. ಜೀತ, ನರಬಲಿ, ಶೂಲಕ್ಕೇರಿಸುವುದು, ಇವೂ ಅಲ್ಲಿವೆ. ಅದು ಒಳ್ಳೆಯವರ ಲೋಕವಲ್ಲ.

ಮೊದಲ ಆಟದಲ್ಲಿ ಎಲ್ಲರೂ ಜಕಾಲ್ಲಾ ಎಂಬ ಬಂದರಿನಲ್ಲಿ ಆಗ ತಾನೇ ದೋಣಿಯಿಂದಿಳಿದ ಪರದೇಶಿಗಳು. ಅವರಿರಬೇಕಾದದ್ದು ವಿದೇಶೀಯರ ಕೇರಿಯಲ್ಲಿ. ಊರಿನ ರೀತಿನೀತಿ ಗೊತ್ತಿಲ್ಲ. ಬಾರ್ಕರ್ ಆ ನಾಡಿಗೆಂದೇ ತ್ಸೋಲ್ಯಾನಿ ಎಂಬ ಭಾಷೆಯನ್ನು ಸೃಷ್ಟಿಸಿ, ಲಿಪಿ, ವ್ಯಾಕರಣ ಎಲ್ಲ ಕೊಟ್ಟಿದ್ದರು. ಅದರಲ್ಲಿ ಎದುರಿಗಿರುವವರನ್ನು ಕರೆಯಲು ಅವರವರ ಅಂತಸ್ತಿಗೆ ತಕ್ಕಂತೆ ಹತ್ತಾರು ಪದ. ದೊಡ್ಡ ಕುಲದವನನ್ನು ತಪ್ಪು ಪದದಿಂದ ಕರೆದರೆ ಪ್ರಾಣಕ್ಕೇ ಸಂಚಕಾರ. ನನ್ನ ಜೊತೆಯವರು ಇದನ್ನು ಓದಿ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನಾನೂ ಆಗ ತಾನೇ ಬಂದಿಳಿದ ಪರದೇಶಿ. ಅರವತ್ತು ದಾಟಿದ ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯಬೇಕಾಗಿ ಬಂದಾಗ ನಾಲಿಗೆ ಹೊರಳದೆ, ಹೆಸರೂ ಹೇಳದೆ, ಸಾರ್ ಎಂದೂ ಅನ್ನದೆ, ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದವನು. ಎಲ್ಲರಿಗೂ ಒಂದೇ ‘ಯೂ’ ಇರುವ ಊರಿನಲ್ಲಿ, ನೀನು-ನೀವು-ತಾವು ಇರುವ ಜಾಗ ನನಗೆ ಸಿಕ್ಕಿದ್ದು ಶನಿವಾರ ರಾತ್ರಿಯ ಆ ಮೇಜಿನ ಮೇಲೆ. ಆ ನಾಡಿನಲ್ಲಿ ಯಾರನ್ನು ಹೇಗೆ ಕರೆಯಬೇಕೆಂದು ನನ್ನನ್ನೇ ಉಳಿದವರು ಕೇಳುವಂತಾಯಿತು.

ಹಳೆಯ ಪುಸ್ತಕದಂಗಡಿಯಲ್ಲಿ ಆ ಪುಸ್ತಕದ 1987ರ ಮರುಮುದ್ರಣ ಸಿಕ್ಕಿತು. ಹಿಂದಿರುಗುವಾಗ ಎಷ್ಟೋ ಪಠ್ಯಪುಸ್ತಕ ಅಲ್ಲೇ ಬಿಟ್ಟು ಬಂದೆ, ಅದನ್ನು ಬಿಡಲಿಲ್ಲ. ದಾಳಗಳು ಅಮ್ಮನ ಅಡಿಕೆ ಚೀಲದಲ್ಲಿ ಬಂದವು.

ಇಲ್ಲಿ ತಂದೆತಾಯಂದಿರಿಗಾಗಿ ಒಂದು ಮಾತು. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ಬಗ್ಗೆ ದೊಡ್ಡ ಗುಲ್ಲೆದ್ದಿತ್ತು. ಮಕ್ಕಳಿಗೆ ಇದು ಪಿಶಾಚಿಯ ಆರಾಧನೆ ಕಲಿಸುತ್ತದೆ, ತಲೆ ಕೆಡಿಸುತ್ತದೆ ಎಂದು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಇದರ ವಿರುದ್ಧ ಸಂಘವನ್ನೇ ಕಟ್ಟಿದರು. ಕಂಪನಿ ಹೆದರಿತು. 1989ರ ಎರಡನೆಯ ಆವೃತ್ತಿಯಲ್ಲಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ತೆಗೆದು ಬೇರೆ ಹೆಸರಿಟ್ಟಿತು. ಕೋಡಿನ ಚಿತ್ರಗಳನ್ನು ಎಲ್ಲರೂ ಭೂತಗನ್ನಡಿ ಹಿಡಿದು ನೋಡಿದರು. ಎರಡು ವರ್ಷ ಕಳೆದು, 1991ರಲ್ಲಿ, ಆಟಕ್ಕೆ ಸಂಬಂಧವೇ ಇಲ್ಲದ ಒಂದು ಕಾದಂಬರಿ ಯಾವುದೋ ಸುಳ್ಳು ಹೆಸರಿನಲ್ಲಿ ಪ್ರಕಟವಾದದ್ದನ್ನು ಇವರಾರೂ ಗಮನಿಸಿರಲಾರರು.

ಅದರ ವಿಷಯ ನಮಗೆ ತಿಳಿದದ್ದು 2022ರ ಮಾರ್ಚಿನಲ್ಲಿ. ಮಗಳು ಆಗ ಮೊದಲ ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ತಾನೇ ಸೂತ್ರಧಾರಳಾಗಿ ಟೆಕುಮೆಲ್ ಆಡಿಸುವುದೆಂದು ಎರಡು ತಿಂಗಳಿಂದ ತಯಾರಿ ನಡೆಸಿದ್ದಳು. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಸಾಕ್ಬೆ ರಸ್ತೆಯ ನಕ್ಷೆ ಬರೆದಿದ್ದಳು. ಆ ಗುಂಪಿನಲ್ಲಿ ಮನೆಯಲ್ಲಿ ಉರ್ದು ಮಾತನಾಡುವ ಹುಡುಗನೊಬ್ಬನಿದ್ದಾನೆ. ತ್ಸೋಲ್ಯಾನಿಯ ಕೆಲವು ಉಚ್ಚಾರ ತನ್ನಜ್ಜಿಯ ಉರ್ದುವಿನ ಹಾಗೇ ಇದೆಯೆಂದು ಕಂಡುಹಿಡಿದು, ತನ್ನ ಪಾತ್ರ ಅರಮನೆಯ ಗುಮಾಸ್ತನೇ ಆಗಬೇಕೆಂದು ಹಟ ಹಿಡಿದು, ಆ ಲಿಪಿಯಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದ.

ಒಂದು ಸಂಜೆ ಮಗಳು ಆ ಪುಸ್ತಕ ತಂದು ನನ್ನ ಮುಂದಿಟ್ಟಳು.

‘ಅಪ್ಪ, ಇದನ್ನ ಬರೆದೋರು ಇನ್ನೇನು ಬರೆದಿದ್ರು ಅಂತ ನಿಂಗೆ ಗೊತ್ತಿತ್ತಾ?’

‘ಉರ್ದು ಪಾಠದ ಪುಸ್ತಕ ಬರೆದಿದ್ರು. ಯಾಕೆ?’

ಅವಳು ಫೋನು ತೋರಿಸಿದಳು. ಬಾರ್ಕರ್ ತೀರಿಕೊಂಡದ್ದು 2012ರಲ್ಲಿ. ಅವರ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಈಗ ಹೇಳಿಕೆ ಕೊಟ್ಟು, ಆ ಕಾದಂಬರಿ ಬರೆದದ್ದು ಬಾರ್ಕರ್ ಎಂದು ಒಪ್ಪಿಕೊಂಡಿತ್ತು. ಹಿಟ್ಲರನ ಎಸ್‌ಎಸ್ ಪಡೆಯವರು ಯುದ್ಧದಲ್ಲಿ ಸೋತ ಮೇಲೂ ಭೂಗತರಾಗಿ ಉಳಿದು, ಮುಂದೊಂದು ಕಾಲಕ್ಕೆ ಮೇಲೆದ್ದು ಬರುವ ಕಥೆ. ಅವರನ್ನು ಖಂಡಿಸಲು ಬರೆದದ್ದಲ್ಲ, ಹೊಗಳಲು ಬರೆದದ್ದು. ಹೊರತಂದದ್ದು ಅಮೆರಿಕದ ನವನಾಜಿಗಳ ಪ್ರಕಾಶನ. ಅದರ ಹೆಸರನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ಅಷ್ಟೇ ಅಲ್ಲ, ಯಹೂದ್ಯರ ನರಮೇಧ ನಡೆದೇ ಇಲ್ಲವೆಂದು ವಾದಿಸುವ ಪತ್ರಿಕೆಯೊಂದರ ಸಂಪಾದಕೀಯ ಸಲಹಾ ಸಮಿತಿಯಲ್ಲಿ 1990ರಿಂದ ಹಲವು ವರ್ಷ ಅವರ ಹೆಸರಿತ್ತು. ನಾನು ಹಿಮದ ರಾತ್ರಿಯಲ್ಲಿ ಜಕಾಲ್ಲಾದ ಬೀದಿಯಲ್ಲಿ ತಿರುಗುತ್ತಿದ್ದಾಗ ಆ ಪುಸ್ತಕಕ್ಕೆ ಎರಡು ವರ್ಷ ವಯಸ್ಸು.

ಎಷ್ಟೋ ಹೊತ್ತು ಏನೂ ತೋಚಲಿಲ್ಲ. ಇಷ್ಟು ಭಾಷೆ ಕಲಿತವರು, ಇಷ್ಟು ಜನಾಂಗಗಳ ನಡುವೆ ಬದುಕಿದವರು ಅದನ್ನು ಹೇಗೆ ಬರೆದರು? ತಮಾಷೆಗೆ ಬರೆದರೆ, ಹಣಕ್ಕೆ ಬರೆದರೆ ಎಂದೆಲ್ಲ ಯೋಚಿಸಿದೆ. ಹತ್ತು ವರ್ಷ ಸಮಿತಿಯಲ್ಲಿ ಹೆಸರಿರುವುದು ತಮಾಷೆಯಲ್ಲ. ನನ್ನ ಹೆಂಡತಿ ಪೂರ್ತಿ ಕೇಳಿ, ‘ರದ್ದಿಗೆ ಹಾಕೋಕೂ ಆಗಲ್ಲ ಬಿಡಿ, ಇನ್ಯಾರೋ ಓದ್ತಾರೆ’ ಎಂದು ಒಳಗೆ ಹೋದಳು.

ಮಗಳದು ಖಡಾಖಂಡಿತ ಮಾತು. ‘ನಾನು ಇದನ್ನ ಆಡಿಸಲ್ಲ.’

‘ಪುಸ್ತಕದಲ್ಲಿ ಅಂಥದ್ದೇನೂ ಇಲ್ಲವಲ್ಲಮ್ಮ. ಮೂವತ್ತು ವರ್ಷದಿಂದ ಓದಿದೀನಿ.’

‘ಅಪ್ಪ, ಅವನು ನಮ್ಮ ಮೇಜಿನ ಮೇಲೆ ಕೂತು ಆ ಲಿಪೀಲಿ ಹೆಸರು ಬರೀತಾನೆ. ನಾನು ಗೊತ್ತಿದ್ದೂ ಸುಮ್ನೆ ನೋಡ್ತಾ ಕೂತಿರ್ಲಾ?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಈಗಲೂ ಹೇಳುತ್ತೇನೆ: ನಾನು ಕಂಡ ಲೋಕಗಳಲ್ಲಿ ಅಷ್ಟು ಕಸುವಿನಿಂದ ಕಟ್ಟಿದ್ದು ಇನ್ನೊಂದಿಲ್ಲ. ಬರೆದವರು ಹೀಗಾದರೆಂದು, ನಾನು ಒಂಟಿಯಾಗಿದ್ದ ಕಾಲದಲ್ಲಿ ಅದು ನನಗೆ ಕೊಟ್ಟದ್ದನ್ನು ವಾಪಸು ಕೊಡಲು ಬರುವುದಿಲ್ಲ. ಚೆನ್ನಾಗಿ ಕಟ್ಟಿದ್ದಾರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ ಎನ್ನುತ್ತಾಳೆ ಅವಳು. ಈ ವಿಷಯದಲ್ಲಿ ನಾವಿಬ್ಬರೂ ಇಂದಿಗೂ ಒಂದಾಗಿಲ್ಲ.

ಆ ಭಾನುವಾರ ಅವಳು ಸ್ನೇಹಿತರನ್ನೆಲ್ಲ ಕೂರಿಸಿ ವಿಷಯ ಹೇಳಿದಳು. ನಾನು ಕಾಫಿ ಕೊಡುವ ನೆಪದಲ್ಲಿ ಬಾಗಿಲ ಬಳಿ ನಿಂತೆ. ಒಬ್ಬಳು ‘ಛೀ’ ಎಂದಳು. ಇನ್ನೊಬ್ಬ, ಸತ್ತುಹೋಗಿದ್ದಾನಲ್ಲ, ಈಗೇನಂತೆ ಎಂದ. ಆ ಹುಡುಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ನನ್ನ ಗುಮಾಸ್ತ ಏನಾದ?’ ಎಂದು ಕೇಳಿದ.

ಗುಮಾಸ್ತನನ್ನು ಉಳಿಸಿಕೊಳ್ಳಬೇಕೆಂದರೆ ಅವನಿಗೊಂದು ಊರು ಬೇಕು. ಬೇರೆ ಸಿದ್ಧ ಲೋಕಗಳನ್ನು ನೋಡಿದರು. ಅದೇ 2022ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನವರು ‘ರೇಡಿಯಂಟ್ ಸಿಟಡೆಲ್’ ಎಂಬ ಪುಸ್ತಕ ತಂದರು. ಅದರಲ್ಲಿ ಕೋಲ್ಕತ್ತಾ ಮೂಲದ ಲೇಖಕಿ ಮಿಮಿ ಮಂಡಲ್ ಬರೆದ, ಶಂಖಭೂಮಿ ಎಂಬ ನದೀನಾಡಿನಲ್ಲಿ ನಡೆಯುವ ಸಾಹಸವೊಂದಿದೆ. ಎರಡು ಭಾನುವಾರ ಅದನ್ನಾಡಿ ಮೆಚ್ಚಿಕೊಂಡರು. ಕೊನೆಗೆ ತಮ್ಮದೇ ಕಟ್ಟುತ್ತೇವೆಂದು ಹೊರಟರು. ಗೈಗ್ಯಾಕ್ಸ್ ಮತ್ತು ಆರ್ನೆಸನ್ 1974ರಲ್ಲಿ ಹೇಳಿದ್ದೂ ಅದನ್ನೇ ತಾನೆ.

ಮೂರು ಬೇಸಿಗೆ ಕಳೆದಿದೆ, ಇನ್ನೂ ಕಟ್ಟುತ್ತಿದ್ದಾರೆ. ಅದು ಒಂದೇ ಒಂದು ಹೊಳೆಯ ನಾಡು. ಹೊಳೆಗೆ ಅಡ್ಡಲಾಗಿ ಏಳು ಕಟ್ಟೆ, ಒಂದೊಂದು ಕಟ್ಟೆಗೂ ಒಂದೊಂದು ಸಂಸ್ಥಾನ. ಮೇಲಿನವರು ನೀರು ಬಿಡಬೇಕು, ಕೆಳಗಿನವರು ಉಪ್ಪು ಕಳಿಸಬೇಕು. ಅಲ್ಲಿ ನೀನು, ನೀವು, ತಾವುಗಳ ಜೊತೆಗೆ ನೀರು ಬಿಡುವವರಿಗೆ ಮಾತ್ರ ಸಲ್ಲುವ ನಾಲ್ಕನೆಯದೊಂದು ಪದವಿದೆ. ಅದನ್ನು ಆ ಹುಡುಗನೇ ಹುಟ್ಟುಹಾಕಿದ. ಆಕಾಶದಲ್ಲಿ ನಕ್ಷತ್ರ ಇರಬೇಕೋ ಬೇಡವೋ ಎಂದು ಎರಡು ವಾರ ಜಗಳವಾಯಿತು. ಅದು ಬಾರ್ಕರನದು, ಬೇಡ ಎಂದಳು ನನ್ನ ಮಗಳು. ನಕ್ಷತ್ರಗಳು ಇವೆ.

ಪುಸ್ತಕ ಈಗಲೂ ಕಪಾಟಿನಲ್ಲಿದೆ. ಹೊರಗೆ ಹಾಕುವುದು ಬೇಡ ಎಂದದ್ದು ನಾನು. ಇಡುವುದಾದರೆ ಹಾಗೇ ಇಡುವುದು ಬೇಡ ಎಂದದ್ದು ಅವಳು. ರಕ್ಷಾಪುಟದ ಒಳಬದಿಯಲ್ಲಿ, 1993ರಲ್ಲಿ ನಾನು ಬರೆದ ನನ್ನ ಹೆಸರಿನ ಕೆಳಗೆ, ಲೇಖಕರು ಬೇರೆ ಏನು ಬರೆದರು, ಯಾವ ಸಮಿತಿಯಲ್ಲಿದ್ದರು, ಅದು ಯಾವಾಗ ಹೊರಬಂತು ಎಂದು ಅವಳು ಕನ್ನಡದಲ್ಲಿ ಐದು ಸಾಲು ಬರೆದಿದ್ದಾಳೆ. ಪೆನ್ಸಿಲಿನಲ್ಲಿ ಬರಿ ಎಂದಿದ್ದೆ. ಶಾಯಿಯಲ್ಲೇ ಬರೆದಳು.

ಅವಳೀಗ ಬಿ.ಕಾಂ. ಓದುತ್ತಿದ್ದಾಳೆ. ಅಂಕಗಳ ವಿಷಯ ಕೇಳುವ ತಂದೆತಾಯಂದಿರಿಗೆ ಹೇಳಬೇಕಾದದ್ದು, ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಕಳೆದ ಭಾನುವಾರ ನಾಲ್ಕನೆಯ ಕಟ್ಟೆ ಒಡೆದಿದೆ. ಒಡೆದವರು ಯಾರೆಂದು ಗುಮಾಸ್ತನ ದಫ್ತರದಲ್ಲಿ ದಾಖಲಾಗಿದೆಯಂತೆ, ಆದರೆ ಅವನು ಹೇಳಲೊಲ್ಲ. ಮಹಡಿಯಿಂದ ಗಲಾಟೆ ಜೋರಾಗಿ ಕೇಳಿ, ಕೆಳಗಿನ ಮನೆಯವರು ಏನಾಯಿತೆಂದು ವಿಚಾರಿಸಲು ಬಂದರು.